ವೈರಸ್ಸಿನ ಸುದ್ದಿ ಕೊಟ್ಟ ದೇಶಕ್ಕೆ ಸಿಗುವುದೇನು?

2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಖಾಸಗಿ ಪ್ರಯೋಗಾಲಯವೊಂದರ ಸಿಬ್ಬಂದಿಗೆ ಕೋವಿಡ್ ಪರೀಕ್ಷೆಯ ಫಲಿತಾಂಶಗಳಲ್ಲಿ ಏನೋ ವ್ಯತ್ಯಾಸ ಕಂಡಿತು. ಅವರು ಬಳಸುತ್ತಿದ್ದ ಪಿಸಿಆರ್ ಕಿಟ್ ವೈರಸ್ಸಿನ ಮೂರು ವಂಶವಾಹಿಗಳನ್ನು ಹುಡುಕುತ್ತಿತ್ತು. ಎರಡು ಸರಿಯಾಗಿಯೇ ಸಿಗುತ್ತಿದ್ದವು, ಆದರೆ ಮೂರನೆಯದಾದ ‘ಎಸ್’ ವಂಶವಾಹಿ ಒಂದಾದ ಮೇಲೊಂದು ಮಾದರಿಯಲ್ಲಿ ಕಾಣದೇ ಹೋಗುತ್ತಿತ್ತು. ವೈರಸ್ಸಿನ ಹೊರಮೈಯ ಮುಳ್ಳುಗಳನ್ನು ರೂಪಿಸುವುದು ಇದೇ ವಂಶವಾಹಿಯಾದ್ದರಿಂದ, ಆ ಭಾಗದಲ್ಲಿ ದೊಡ್ಡ ಬದಲಾವಣೆ ಆಗಿರಬಹುದೆಂಬ ಅನುಮಾನ ಅವರಿಗೆ ಬಂತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೋಟ್ಸ್‌ವಾನಾದ ಗಬೊರೋನಿನ ವಿಜ್ಞಾನಿಗಳೂ ಹಿಂದೆಂದೂ ಕಾಣದಷ್ಟು ರೂಪಾಂತರಗಳಿದ್ದ ವೈರಸ್ಸನ್ನು ಗುರುತಿಸಿದರು. ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು, 26ರಂದು ಅದಕ್ಕೆ ಒಮೈಕ್ರಾನ್ ಎಂಬ ಹೆಸರು ಬಂತು.

ಅಷ್ಟರಲ್ಲಿ ವಿಮಾನಗಳು ನಿಲ್ಲತೊಡಗಿದ್ದವು. ಬ್ರಿಟನ್, ಐರೋಪ್ಯ ಒಕ್ಕೂಟ, ಅಮೆರಿಕ ಒಂದರ ಹಿಂದೊಂದರಂತೆ ಆಫ್ರಿಕಾದ ದಕ್ಷಿಣ ಭಾಗದ ದೇಶಗಳಿಗೆ ಬಾಗಿಲು ಹಾಕಿದವು. ತಮ್ಮ ವಿಜ್ಞಾನಿಗಳ ಸಾಮರ್ಥ್ಯಕ್ಕೇ ಶಿಕ್ಷೆ ವಿಧಿಸಿದಂತಾಯಿತು ಎಂದು ದಕ್ಷಿಣ ಆಫ್ರಿಕಾ ಸರ್ಕಾರ ನೊಂದು ಹೇಳಿತು. ಕೆಲವೇ ದಿನಗಳಲ್ಲಿ ನೆದರ್ಲೆಂಡ್ಸ್‌ನ ಆರೋಗ್ಯ ಇಲಾಖೆ ನವೆಂಬರ್ 19 ಮತ್ತು 23ರಂದು ತಾನು ಸಂಗ್ರಹಿಸಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲೂ ಒಮೈಕ್ರಾನ್ ಸಿಕ್ಕಿತು. ಅಂದರೆ, ಬಾಗಿಲು ಹಾಕುವ ಮೊದಲೇ ವೈರಸ್ ಯುರೋಪಿನ ಒಳಗಿತ್ತು.

ಜಾಗತಿಕ ಆರೋಗ್ಯ ನೀತಿಯ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ಘಟನೆಯ ಸುತ್ತಲೇ ಸುತ್ತುತ್ತದೆ. 2003ರ ಸಾರ್ಸ್ ಹಾವಳಿಯ ನಂತರ ಪರಿಷ್ಕೃತಗೊಂಡು 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ, ಜಗತ್ತಿಗೆ ಅಪಾಯ ತರಬಹುದಾದ ರೋಗವೆಂದು ಕಂಡುಬಂದ 24 ಗಂಟೆಗಳೊಳಗೆ ದೇಶವೊಂದು ಅದನ್ನು ವರದಿ ಮಾಡಬೇಕು. ಅಗತ್ಯಕ್ಕಿಂತ ಹೆಚ್ಚಾಗಿ ಸಂಚಾರಕ್ಕೆ ತಡೆ ಒಡ್ಡಬಾರದು ಎಂಬ ಮಾತೂ ಅದೇ ನಿಯಮಾವಳಿಯಲ್ಲಿದೆ. ಎರಡರಲ್ಲಿ ಯಾವುದನ್ನು ಮುರಿದರೂ ದಂಡವಿಲ್ಲ. ಹೀಗಿರುವಾಗ ಬೇಗ ಹೇಳಿದವನಿಗೆ ನಷ್ಟವೇ ಗತಿಯಾದರೆ, ಮುಂದಿನ ಬಾರಿ ಒಂದು ಸರ್ಕಾರ ಹೇಳುವ ಮೊದಲು ಹತ್ತು ಬಾರಿ ಯೋಚಿಸುತ್ತದೆ. ಸಾಂಕ್ರಾಮಿಕ ರೋಗದ ಆರಂಭದ ದಿನಗಳಲ್ಲಿ ಆ ಯೋಚನೆಗೆ ಹಿಡಿಯುವ ಸಮಯವೇ ಅತ್ಯಂತ ದುಬಾರಿಯಾದದ್ದು.

ಇದೇ ಅಸಮಾಧಾನ ಹಿಂದೊಮ್ಮೆ ಬಹಿರಂಗವಾಗಿಯೇ ಸ್ಫೋಟಿಸಿತ್ತು. ಹಕ್ಕಿಜ್ವರದಿಂದ ತತ್ತರಿಸುತ್ತಿದ್ದ ಇಂಡೊನೇಷ್ಯಾ ತನ್ನ ರೋಗಿಗಳಿಂದ ಪಡೆದ ಎಚ್5ಎನ್1 ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಉಚಿತವಾಗಿ ಕಳುಹಿಸುತ್ತಿತ್ತು. ಆ ವೈರಸ್ಸಿನಿಂದಲೇ ವಿದೇಶಿ ಕಂಪನಿಯೊಂದು ಲಸಿಕೆ ತಯಾರಿಸುತ್ತಿದೆ, ಅದನ್ನು ಕೊಳ್ಳುವ ಶಕ್ತಿ ತನ್ನ ಜನರಿಗಿರುವುದಿಲ್ಲ ಎಂದು ತಿಳಿದಾಗ, 2007ರ ಆರಂಭದ ಹೊತ್ತಿಗೆ ಅದು ಮಾದರಿ ಕಳುಹಿಸುವುದನ್ನೇ ನಿಲ್ಲಿಸಿತು. ಆಗಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಅವರ ನಿಲುವನ್ನು ಶ್ರೀಮಂತ ದೇಶಗಳು ಹೊಣೆಗೇಡಿತನವೆಂದು ಕರೆದವು. ಮಾದರಿ ತಡೆಹಿಡಿದದ್ದು ಅಪಾಯಕಾರಿಯಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅವರು ಎತ್ತಿದ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ನಾಲ್ಕು ವರ್ಷಗಳ ಮಾತುಕತೆಯ ನಂತರ, 2011ರಲ್ಲಿ, ಫ್ಲೂ ವೈರಸ್ಸುಗಳಿಗೆ ಮಾತ್ರ ಸೀಮಿತವಾದ ಹಂಚಿಕೆಯ ವ್ಯವಸ್ಥೆಯೊಂದು ರೂಪುಗೊಂಡಿತು.

ಆ ವ್ಯವಸ್ಥೆ ವೈರಸ್ಸನ್ನು ಕೈಗೆ ಸಿಗುವ ವಸ್ತುವೆಂದು ಭಾವಿಸಿ ರೂಪಿಸಿದ್ದು. ಈಗ ವೈರಸ್ಸಿನ ವಿವರ ಕಂಪ್ಯೂಟರಿನ ಕಡತವೊಂದರಲ್ಲಿ ಅಡಗುತ್ತದೆ. 2020ರ ಜನವರಿ 11ರಂದು ಚೀನಾದ ವಿಜ್ಞಾನಿ ಜಾಂಗ್ ಯೊಂಗ್‌ಜೆನ್ ಅವರ ತಂಡ ಕೊರೊನಾ ವೈರಸ್ಸಿನ ವಂಶವಾಹಿ ವಿವರವನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಮಾಡರ್ನಾ ಕಂಪನಿ ಆ ವಿವರವನ್ನಷ್ಟೇ ಇಟ್ಟುಕೊಂಡು ಎರಡೇ ದಿನಗಳಲ್ಲಿ ಲಸಿಕೆಯ ವಿನ್ಯಾಸವನ್ನು ಅಂತಿಮಗೊಳಿಸಿತು, ಮಾರ್ಚ್ 16ರಂದು ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು ನೀಡಲಾಯಿತು. ಇಷ್ಟು ವೇಗ ಸಾಧ್ಯವಾದದ್ದು ಯಾರದೋ ಮುಕ್ತ ಮನಸ್ಸಿನಿಂದ. ಆದರೆ 2021 ಮುಗಿಯುವಾಗ ಆಫ್ರಿಕಾ ಖಂಡದಲ್ಲಿ ಹತ್ತರಲ್ಲಿ ಒಬ್ಬರಿಗೂ ಲಸಿಕೆ ಪೂರ್ಣವಾಗಿ ಸಿಕ್ಕಿರಲಿಲ್ಲ. ಬಡ ದೇಶಗಳೂ ಸೇರಿದಂತೆ ಎಲ್ಲರಿಗೂ ಲಸಿಕೆ ನ್ಯಾಯವಾಗಿ ಸಿಗಲೆಂದು ಹುಟ್ಟಿದ ಕೊವ್ಯಾಕ್ಸ್ ಯೋಜನೆ ಆ ವರ್ಷ 200 ಕೋಟಿ ಡೋಸ್ ತಲುಪಿಸುವ ಗುರಿ ಇಟ್ಟುಕೊಂಡು, ಅದರ ಅರ್ಧದಷ್ಟನ್ನೂ ತಲುಪಿಸಲಾಗಲಿಲ್ಲ.

2025ರ ಮೇ 20ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಅಂಗೀಕರಿಸಿದ, ಸಾಂಕ್ರಾಮಿಕ ರೋಗಗಳ ಕುರಿತ ಒಪ್ಪಂದವನ್ನು ನಾನು ಈ ಹಿನ್ನೆಲೆಯಲ್ಲಿ ನೋಡುತ್ತೇನೆ. ಲಾಕ್‌ಡೌನ್ ಹೇರುವ ಅಧಿಕಾರ ಇದರಿಂದ ವಿಶ್ವ ಆರೋಗ್ಯ ಸಂಸ್ಥೆಗೆ ಸಿಗುತ್ತದೆ ಎಂಬ ವದಂತಿ ಹಲವು ಕಡೆ ಹಬ್ಬಿದೆ. ಅಂಥ ಅಧಿಕಾರವಿಲ್ಲವೆಂದು ಒಪ್ಪಂದದಲ್ಲೇ ಸ್ಪಷ್ಟವಾಗಿ ಬರೆಯಲಾಗಿದೆ. ಅದರ ನಿಜವಾದ ತಿರುಳಿರುವುದು 12ನೇ ವಿಧಿಯಲ್ಲಿ. ದೇಶಗಳು ರೋಗಕಾರಕಗಳ ಮಾದರಿ ಮತ್ತು ವಂಶವಾಹಿ ವಿವರಗಳನ್ನು ಬೇಗ ಹಂಚಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ, ವ್ಯವಸ್ಥೆಯಲ್ಲಿ ಭಾಗವಹಿಸುವ ತಯಾರಕರು ಸಾಂಕ್ರಾಮಿಕ ಪರಿಸ್ಥಿತಿಯಲ್ಲಿ ತಾವು ಉತ್ಪಾದಿಸುವ ಲಸಿಕೆ, ಔಷಧ, ಪರೀಕ್ಷಾ ಸಾಧನಗಳ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿಯಿದ್ದು, ಅದರಲ್ಲಿ ಒಟ್ಟು ಉತ್ಪಾದನೆಯ ಕನಿಷ್ಠ ಶೇ. 10ರಷ್ಟು ದಾನವಾಗಿರಬೇಕು. ಇದರ ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಲಾಯಿತು. ಆ ಅನುಬಂಧಕ್ಕೆ ಒಪ್ಪಿಗೆ ಸಿಗದೆ ಒಪ್ಪಂದವು ಸಹಿಗೆ ತೆರೆಯುವಂತಿಲ್ಲ, 60 ದೇಶಗಳು ಅನುಮೋದಿಸದೆ ಜಾರಿಯಾಗುವಂತೆಯೂ ಇಲ್ಲ.

ಷರತ್ತುಗಳು ಹೆಚ್ಚಾದರೆ ಸಂಶೋಧನೆ ಕಾಗದಪತ್ರಗಳಲ್ಲಿ ಸಿಕ್ಕಿಬೀಳುತ್ತದೆ ಎಂದು ಔಷಧ ಕಂಪನಿಗಳು ಹೇಳುತ್ತವೆ. ಈ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಜಾಂಗ್ ಅವರ ಕಡತವನ್ನು ತೆರೆಯಲು ಯಾರಾದರೂ ಮೂರು ವಾರ ಅನುಮತಿಗಾಗಿ ಕಾಯಬೇಕಾಗಿದ್ದರೆ ಎಷ್ಟೋ ಜೀವಗಳು ಹೋಗುತ್ತಿದ್ದವು. ಆದ್ದರಿಂದ ವಂಶವಾಹಿ ವಿವರ ಎಲ್ಲರಿಗೂ ತೆರೆದೇ ಇರಲಿ. ಕಟ್ಟುಪಾಡು ಬರಬೇಕಾದದ್ದು ಅದರಿಂದ ತಯಾರಾದ ವಸ್ತು ಮಾರುಕಟ್ಟೆಗೆ ಬರುವ ಹಂತದಲ್ಲಿ. ಆ ಹೊಣೆಯನ್ನು ಕಂಪನಿಗಳ ಸದ್ಭಾವನೆಗೆ ಬಿಡದೆ, ರೋಗ ಬರುವ ಮೊದಲೇ ಸಹಿಯಾದ ಕರಾರುಗಳಲ್ಲಿ ಬರೆದಿಡಬೇಕು. ಅದರ ಜೊತೆಗೆ, ವರದಿ ಮಾಡಿದ ಕಾರಣಕ್ಕೆ ಸಂಚಾರ ನಿರ್ಬಂಧಕ್ಕೆ ಒಳಗಾಗುವ ದೇಶಕ್ಕೆ ಪರೀಕ್ಷಾ ಸಾಮಗ್ರಿ, ಲಸಿಕೆ ಮತ್ತು ಹಣಕಾಸಿನ ನೆರವು ಮೊದಲ ಸರದಿಯಲ್ಲೇ ತಲುಪುವ ಏರ್ಪಾಡು ಬೇಕು.