ವಾಪಸ್ ತಗೊಳ್ಳಿ ಅಂದ ಟಿಕೆಟ್

ನನ್ನ ಕ್ಯೂನಲ್ಲಿ ಒಂದು ಟಿಕೆಟ್ ಇದೆ, ಅಂದರೆ ಒಬ್ಬ ಆಟಗಾರನ ದೂರು. ಕ್ಲೋಸ್ ಮಾಡೋಕೆ ಆಗ್ತಿಲ್ಲ. ಅದರ ಕಥೆ ಇದು.

ಟ್ವಿಚ್ ಅಂದರೆ ಗೇಮ್ ಆಡೋದನ್ನ ಲೈವ್ ತೋರಿಸೋ ಸೈಟ್; ಅಲ್ಲಿ ಸ್ಟ್ರೀಮ್ ನೋಡಿದವರಿಗೆ ಗೇಮಿನೊಳಗೆ ಸಿಗೋ ಬಹುಮಾನ ಡ್ರಾಪ್ಸ್. ನಮ್ಮ ಗೇಮಿನ ಟ್ವಿಚ್ ಡ್ರಾಪ್ಸ್ ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಹತ್ತಕ್ಕೆ ಶುರು. ಬೇಸಿಗೆಯಲ್ಲಿ ಅದು ಬೆಂಗಳೂರಿನ ರಾತ್ರಿ 10:30. ಆವತ್ತು ಆನ್‌ಕಾಲ್, ಅಂದರೆ ಏನಾದರೂ ಕೆಟ್ಟರೆ ನೋಡೋ ಪಾಳಿ, ನಂದು. ನಾಲ್ಕು ಗಂಟೆ ಸ್ಟ್ರೀಮ್ ನೋಡಿ ಕ್ಲೇಮ್ ಒತ್ತಿದರೆ ಒಂದು ಬಂದೂಕಿನ ಸ್ಕಿನ್, ಅಂದರೆ ಅದರ ಹೊಸ ವೇಷ. ಗೇಮಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ. ಪೋಸ್ಟರ್ ಮೇಲೆ 'ಎಕ್ಸ್‌ಕ್ಲೂಸಿವ್' ಅನ್ನೋ ಪದ ನಮ್ಮ ಗೇಮಿನ ಹೆಸರಿಗಿಂತ ದೊಡ್ಡದಾಗಿತ್ತು.

ಮಾರ್ಕೆಟಿಂಗ್‌ನವರಿಗೆ ಇದರ ಹುಚ್ಚು ಹಿಡಿದದ್ದು ವ್ಯಾಲರೆಂಟ್ ಅನ್ನೋ ಶೂಟಿಂಗ್ ಗೇಮಿನ ಸ್ಲೈಡ್ ನೋಡಿ. 2020ರ ಏಪ್ರಿಲ್‌ನಲ್ಲಿ ಅದರ ಕ್ಲೋಸ್ಡ್ ಬೀಟಾಗೆ (ಕೆಲವರಿಗೆ ಮಾತ್ರ ತೆರೆದ ಪ್ರಯೋಗದ ಆವೃತ್ತಿಗೆ) ಕೀ ಬೇಕೆಂದರೆ ಟ್ವಿಚ್‌ನಲ್ಲಿ ಸ್ಟ್ರೀಮ್ ನೋಡಬೇಕಿತ್ತು. ಒಂದು ಹೊತ್ತಿನಲ್ಲಿ 17 ಲಕ್ಷ ಜನ ಒಟ್ಟಿಗೆ ನೋಡುತ್ತಿದ್ದರು. ಅವರಲ್ಲಿ ಎಷ್ಟು ಜನ ಟ್ಯಾಬ್ ತೆರೆದಿಟ್ಟು ಮಲಗಿದ್ದರು ಅನ್ನೋದು ಆ ಸ್ಲೈಡಿನಲ್ಲಿ ಇರಲಿಲ್ಲ. ಇರಲಿ.

ಎಷ್ಟು ಜನ ಬಂದರೆ ಸರ್ವರ್ ತಡೆಯುತ್ತೆ ಅಂತ ನೋಡೋ ಲೋಡ್ ಟೆಸ್ಟ್ ಮಾಡಿದ್ದು ನಾನೇ. ಐನೂರು ಟೆಸ್ಟ್ ಅಕೌಂಟ್, ಒಂದು ಗಂಟೆಯುದ್ದಕ್ಕೂ ಹರಡಿದ ಕ್ಲೇಮ್‌ಗಳು. ಜನ ಒಬ್ಬೊಬ್ಬರಾಗಿ ಬರ್ತಾರೆ, ಒಬ್ಬೊಬ್ಬರಾಗಿ ಹೋಗ್ತಾರೆ ಅಂತ ನನ್ನ ಲೆಕ್ಕ. ಆದರೆ ಡ್ರಾಪ್‌ಗೆ ಕಾಯುವವರು 10:30ಕ್ಕೇ ಕಾದು ಕೂತಿರ್ತಾರೆ. ಒಟ್ಟಿಗೆ ಶುರು ಮಾಡಿದವರಿಗೆ 240 ನಿಮಿಷವೂ ಒಟ್ಟಿಗೇ ಮುಗಿಯುತ್ತೆ. ಮದುವೆಮನೆಯಲ್ಲಿ ಮೊದಲ ಪಂಕ್ತಿ ಒಟ್ಟಿಗೆ ಕೂತು ಒಟ್ಟಿಗೇ ಏಳುತ್ತಲ್ವಾ, ಹಾಗೆ. ಕೈ ತೊಳೆಯೋಕೆ ನಾನು ಇಟ್ಟಿದ್ದು ಒಂದೇ ನಲ್ಲಿ.

2:30ರವರೆಗೆ ಡ್ಯಾಶ್‌ಬೋರ್ಡ್ ತಣ್ಣಗಿತ್ತು. ಟೀ ಮಾಡ್ಕೊಂಡು ಬರೋಣ ಅಂತ ಎದ್ದೆ. ಹಾಲು ಉಕ್ಕೋ ಮುಂಚೆ ಫೋನ್ ಬಡ್ಕೊಳ್ತು. ಬಂದು ನೋಡಿದರೆ ಗೆರೆ ನೆಟ್ಟಗೆ ಮೇಲಕ್ಕೆ ಎದ್ದಿದೆ. ಆಟಗಾರರ ಖಾತೆಗೆ ಐಟಂ ಹಾಕೋ ಇನ್ವೆಂಟರಿ ಸರ್ವಿಸ್ ಸಮಯಕ್ಕೆ ಉತ್ತರ ಕೊಡದೆ ಬರೀ ಟೈಮ್‌ಔಟ್. ರಿಟ್ರೈ ಮೇಲೆ ರಿಟ್ರೈ ಬಿದ್ದು ಇನ್ನೂ ಜಾಸ್ತಿ ಟೈಮ್‌ಔಟ್. 2:38ಕ್ಕೆ ಸರ್ವಿಸ್ ಪೂರ್ತಿ ಮಲಗಿತು.

ಅಷ್ಟೇ ಆಗಿದ್ದರೆ ಎಬ್ಬಿಸಿ, ಟ್ವಿಚ್‌ನಲ್ಲಿ ಕ್ಲೇಮ್ಡ್ (ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ) ಅಂತ ಉಳಿದಿರೋ ಎಂಟೈಟಲ್‌ಮೆಂಟ್‌ಗಳನ್ನ, ಅಂದರೆ ಯಾರಿಗೆ ಏನು ಸಿಗಬೇಕು ಅನ್ನೋ ದಾಖಲೆಗಳನ್ನ, ಮತ್ತೆ ಎಳೆದುಕೊಂಡು ಹಂಚಿಬಿಡಬಹುದಿತ್ತು. ಆದರೆ ಹಿಂದಿನ ಕ್ಯಾಂಪೇನ್‌ನಲ್ಲಿ ಕೆಲವರಿಗೆ ಒಂದೇ ಐಟಂ ಎರಡೆರಡು ಬಂದು, ಅವರು ಒಂದನ್ನು ಮಾರಿಕೊಂಡು, ನಾನು ಬೈಸಿಕೊಂಡಿದ್ದೆ. ಆ ಹೆದರಿಕೆಗೆ ಈ ಸಲ ಕೋಡಿನಲ್ಲಿ ಕ್ರಮ ತಿರುಗಿಸಿದ್ದೆ: ಮೊದಲು ಟ್ವಿಚ್‌ಗೆ 'ಫುಲ್‌ಫಿಲ್ಡ್' ಅಂತ ಹೇಳು, ಆಮೇಲೆ ಐಟಂ ಹಾಕು. ಟ್ವಿಚ್ ಕಡೆ ಎಲ್ಲರಿಗೂ ಕೊಟ್ಟಾಯ್ತು. ನಮ್ಮ ಕಡೆ ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಅಂತ ಲಾಗ್ ನೋಡಿದರೆ ಗೊತ್ತಾಗಲ್ಲ. ಟೈಮ್‌ಔಟ್ ಆದವುಗಳಲ್ಲೂ ಕೆಲವು ನಿಜಕ್ಕೂ ಒಳಗೆ ಹೋಗಿದ್ದವು.

ಮೂರು ಗಂಟೆಗೆ ವಾರ್ ರೂಮ್ ಕಾಲ್. ಹದಿನಾಲ್ಕು ಜನ, ಅದರಲ್ಲಿ ಕೆಲಸ ಮಾಡೋರು ಮೂವರು. ಸಪೋರ್ಟ್ ಲೀಡ್ ಹೇಳಿದರು, "ಗುರೂ, ನಾಲ್ಕು ಗಂಟೆ ಕೂತು ನೋಡಿದವರಿಗೆ 24 ಗಂಟೆ ಕಾಯಿರಿ ಅನ್ನೋ ರೆಡಿಮೇಡ್ ಉತ್ತರದ ಮ್ಯಾಕ್ರೊ ಕಳಿಸ್ತಿದ್ದೀವಿ. ಅವರು ಅದರ ಸ್ಕ್ರೀನ್‌ಶಾಟನ್ನೇ ವಾಪಸ್ ಕಳಿಸ್ತಿದ್ದಾರೆ." ಪ್ರೊಡಕ್ಟ್‌ನವರು ಹದಿನೈದು ನಿಮಿಷಕ್ಕೊಮ್ಮೆ ಕೇಳೋದು ಒಂದೇ: ಇಟಿಎ ಏನು, ಎಷ್ಟು ಹೊತ್ತಿಗೆ ಸರಿಯಾಗುತ್ತೆ?

ಆಗ ನಾನೇ ಬಾಯಿಬಿಟ್ಟೆ. "ಟ್ವಿಚ್ ಅಕೌಂಟ್ ಲಿಂಕ್ ಮಾಡಿರೋ ಎಲ್ಲರಿಗೂ ಕೊಟ್ಟುಬಿಡೋಣ. ಈಗಾಗಲೇ ಸ್ಕಿನ್ ಇದ್ದವರನ್ನ ಬಿಟ್ಟು ಉಳಿದವರಿಗೆ ಹಾಕೋದು. ಯಾರಿಗೂ ತಪ್ಪಿಹೋಗಲ್ಲ."

ಎರಡು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಅನ್‌ಮ್ಯೂಟ್ ಮಾಡಿ, ಮೆಲ್ಲಗೆ, "ಸರ್, ಫುಲ್‌ಫಿಲ್ಡ್ ಆಗಿದ್ರೂ ಟ್ವಿಚ್ ಹತ್ರ ಲಿಸ್ಟ್ ಇರುತ್ತಲ್ವಾ? ಅದನ್ನ ತಂದು ನಮ್ಮ ಇನ್ವೆಂಟರಿ ಟೇಬಲ್ ಜೊತೆ ತಾಳೆ ನೋಡಬಹುದಲ್ವಾ?" ಅಂದಳು.

ನಾನು ಹೇಳಿದ್ದು, "ಅಷ್ಟೊಂದು ಟೈಮ್ ಇಲ್ಲಮ್ಮ."

ಇತ್ತು. ಟ್ವಿಚ್‌ನಿಂದ ಡೇಟಾ ತರೋ ಎಪಿಐ ಒಂದು ಪುಟಕ್ಕೆ ಸಾವಿರ ಎಂಟೈಟಲ್‌ಮೆಂಟ್ ಕೊಡುತ್ತೆ. ಆಮೇಲೆ ಆರ್‌ಸಿಎಗೋಸ್ಕರ (ಏನು ಕೆಟ್ಟಿತು, ಯಾಕೆ ಅನ್ನೋ ವರದಿ) ಅದೇ ಹುಡುಗಿ ಆ ಕ್ವೆರಿ ಬರೆದಳು. ಊಟಕ್ಕೆ ಮುಂಚೆ ಉತ್ತರ ಬಂದಿತ್ತು. ಆ ಕಾಲ್ ನೆನಪಾದಾಗ ಚುಚ್ಚೋದು ಸರ್ವಿಸ್ ಬಿದ್ದದ್ದಲ್ಲ, ಆ 'ಅಮ್ಮ'.

ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಸ್ಕಿನ್ ಹಂಚಿ ಮಲಗಿದೆ. ಹನ್ನೊಂದಕ್ಕೆ ಎದ್ದು ನೋಡಿದರೆ ಟಿಕೆಟ್ ರಾತ್ರಿಗಿಂತ ಜಾಸ್ತಿ. 'ಬಂದಿಲ್ಲ' ಅನ್ನೋವು ಕಮ್ಮಿಯಾಗಿದ್ದವು. ಹೊಸವು ಬೇರೆ ಥರ. ಒಬ್ಬ ಬರೆದಿದ್ದ: ಪರೀಕ್ಷೆ ಹಿಂದಿನ ರಾತ್ರಿ ಎದ್ದು ಕೂತಿದ್ದೆ, ನನ್ನ ಸ್ನೇಹಿತ ಟ್ವಿಚ್ ತೆರೆದೂ ಇಲ್ಲ, ಅವನ ಹತ್ತಿರವೂ ಅದೇ ಬಂದೂಕು. ಇನ್ನೊಬ್ಬರು ಪೋಸ್ಟರನ್ನೇ ಅಂಟಿಸಿ, ಆ ದೊಡ್ಡ ಪದದ ಸುತ್ತ ಕೆಂಪು ಗೆರೆ ಎಳೆದಿದ್ದರು. ಬರದೇ ಇದ್ದಾಗ ಸಿಟ್ಟಾಗಿದ್ದರು, ಸರಿ. ಎಲ್ಲರಿಗೂ ಬಂದಾಗ ಆದದ್ದು ಬೇರೆಯದೇ ಸಿಟ್ಟು. ಅವರು ನಾಲ್ಕು ಗಂಟೆ ಕೊಟ್ಟು ಕೊಂಡದ್ದು ಬಂದೂಕನ್ನಲ್ಲ, ಪಕ್ಕದವನ ಹತ್ತಿರ ಅದು ಇಲ್ಲದಿರೋದನ್ನ. ಅದನ್ನ ನಾನು ಪುಕ್ಕಟೆ ಹಂಚಿಬಿಟ್ಟಿದ್ದೆ.

ಕೊಟ್ಟದ್ದನ್ನ ವಾಪಸ್ ಪಡೆಯೋ ಟೂಲ್ ನಮ್ಮಲ್ಲಿಲ್ಲ. ಮೂರು ಕ್ವಾರ್ಟರ್‌ನಿಂದ ಬ್ಯಾಕ್‌ಲಾಗ್‌ನಲ್ಲಿದೆ. ಪ್ರತಿ ಪ್ಲಾನಿಂಗ್‌ನಲ್ಲೂ ಯಾವುದಾದರೂ ಹೊಸ ಪೋಸ್ಟರ್ ಅದನ್ನ ಹಿಂದಕ್ಕೆ ತಳ್ಳುತ್ತೆ. ಕೋಡ್ ಮಾತ್ರ ಸರಿಯಾಯ್ತು: ಮೊದಲು ಐಟಂ, ಆಮೇಲೆ ಫುಲ್‌ಫಿಲ್ಡ್, ಎರಡೆರಡು ಸಲ ಹೋಗದಂತೆ ಎಂಟೈಟಲ್‌ಮೆಂಟ್ ಐಡಿಯನ್ನೇ ಕೀ ಮಾಡಿದ್ದೇವೆ. ಲೋಡ್ ಟೆಸ್ಟ್‌ನಲ್ಲಿ ಈಗ ಎಲ್ಲರೂ ಒಂದೇ ನಿಮಿಷಕ್ಕೆ ಕ್ಲೇಮ್ ಒತ್ತುತ್ತಾರೆ. ಆ ಸ್ಕ್ರಿಪ್ಟ್‌ಗೆ ನಮ್ಮ ಟೀಮಿನಲ್ಲಿ ಹೆಸರು 'ಪಂಕ್ತಿ'.

ಆ ಟಿಕೆಟ್‌ನಲ್ಲಿ ಇರೋದು ಎರಡೇ ಸಾಲು. "ಎಲ್ಲರಿಗೂ ಕೊಟ್ಟಿದ್ದೀರಲ್ಲ, ನನಗೆ ಬೇಡ. ನನ್ನದು ವಾಪಸ್ ತಗೊಳ್ಳಿ." ಸಪೋರ್ಟ್‌ನವರು ಮ್ಯಾಕ್ರೊ ಕಳಿಸಿದರು, ಅವನು ರೀಓಪನ್ ಮಾಡಿದ. ಮತ್ತೆ ಕಳಿಸಿದರು, ಮತ್ತೆ ರೀಓಪನ್. ಕೊನೆಗೆ ನನ್ನ ಹೆಸರಿಗೆ ಅಸೈನ್ ಮಾಡಿದರು. ನಿನ್ನೆ ಐದನೇ ಸಲ ರೀಓಪನ್ ಆಗಿದೆ.