ಲವಂಗ ಮೂರೇ ಗ್ರಾಂ

ಪ್ಲಮ್ ಕೇಕಿಗೆ ಹಾಕುವ ಸಿಹಿ ಮಸಾಲೆಪುಡಿಯನ್ನು ನಮ್ಮ ಬೇಕರಿಯಲ್ಲಿ ನಾನೇ ಮಾಡುವುದು. ಮಲಾಡಿನ ಸಣ್ಣ ಬೇಕರಿ, ಒಟ್ಟು ಏಳು ಜನ. ಶಿರಸಿಯಿಂದ ಮುಂಬೈಗೆ ಬಂದು ಈ ಕೆಲಸ ಹಿಡಿದು 11 ವರ್ಷವಾಯಿತು. ಅದರಲ್ಲಿ ಮೂರನೆಯ ವರ್ಷದ ಡಿಸೆಂಬರನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ವರ್ಷ ನಮ್ಮ ಹಿರಿಯ ಕೆಲಸಗಾರರು ಮಗಳ ಮದುವೆಗೆಂದು ಕುಂದಾಪುರಕ್ಕೆ ಹೊರಟಾಗ ತಮ್ಮ ಪುಸ್ತಕವನ್ನು ನನ್ನ ಕೈಗಿತ್ತರು. ದಾಲ್ಚಿನ್ನಿ ಇಷ್ಟು ದೊಡ್ಡ ಚಮಚ, ಶುಂಠಿ ಇಷ್ಟು ದೊಡ್ಡ ಚಮಚ ಎಂದು ಬರೆದಿತ್ತು. ಲವಂಗದ ಮುಂದೆ ಬರೀ ‘ಚಮಚ’. ನಾನು ಎಲ್ಲಕ್ಕೂ ಒಂದೇ ದೊಡ್ಡ ಚಮಚ ಬಳಸಿದೆ. ಅವರು ಲವಂಗಕ್ಕೆ ಬಳಸುತ್ತಿದ್ದದ್ದು ಚಹಾ ಚಮಚ. ಅದು 5 ಮಿಲಿ, ನನ್ನದು 15. ಲವಂಗ ಮೂರು ಪಟ್ಟಾಯಿತು.

ಡಬ್ಬಿಯ ಮುಚ್ಚಳ ತೆರೆದರೆ ಅಂಗಡಿಯೆಲ್ಲ ಘಮಘಮ. ಬಂದವರೆಲ್ಲ ಮೂಸಿ ಹೊಗಳಿದರು. ಆ ಧೈರ್ಯದಲ್ಲೇ 40 ಕೇಕ್ ಬೇಯಿಸಿ ಕಳುಹಿಸಿದೆ. ನಾಲ್ಕನೆಯ ದಿನ ಇಲ್ಲೇ ಮಲಾಡಿನ ಒರ್ಲೆಮ್‌ನಿಂದ ಮಂಗಳೂರು ಕಡೆಯ ಆಂಟಿಯೊಬ್ಬರು ಡಬ್ಬದ ಸಮೇತ ಬಂದರು. “ಮಗಳೇ, ಬೇಸರ ಮಾಡಿಕೊಳ್ಳಬೇಡ. ಹಲ್ಲುನೋವಿಗೆ ಎಣ್ಣೆ ಹಚ್ಚಿಕೊಂಡ ಹಾಗಿದೆ,” ಎಂದು ಒಂದು ತುಂಡು ಕೊಟ್ಟರು. ತಿಂದೆ. ನಾಲಿಗೆಯ ತುದಿ ಮರಗಟ್ಟಿತು. ಅವರು ಹೇಳಿದ್ದು ಅಕ್ಷರಶಃ ನಿಜ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶವನ್ನೇ ದಂತವೈದ್ಯರು ನೋವು ತಗ್ಗಿಸಲು ಬಳಸುತ್ತಾರೆ. ಕ್ರಿಸ್‌ಮಸ್‌ಗೆ ಐದು ದಿನವಿತ್ತು. ಮನೆಮನೆಗೆ ಫೋನ್ ಮಾಡಿ ಕ್ಷಮೆ ಕೇಳಿ, ಎರಡು ರಾತ್ರಿ ಕೂತು ಮತ್ತೆ ಅಷ್ಟೂ ಕೇಕ್ ಬೇಯಿಸಿದೆವು.

ಚಮಚದ ತಪ್ಪು ಸುಲಭವಾಗಿ ತಿದ್ದಿಕೊಳ್ಳುವಂಥದ್ದು. ಮಾರನೆಯ ದಿನವೇ ಒಂದೊಂದು ಗ್ರಾಂ ಲೆಕ್ಕದಲ್ಲಿ ತೂಗುವ ಯಂತ್ರ ಬಂತು. ನನ್ನನ್ನು ಕಾಡಿದ್ದು ಬೇರೆಯದು. ಇಷ್ಟು ಜನ ಮೂಸಿದರೂ ಯಾರಿಗೂ ತಿಳಿಯಲಿಲ್ಲವಲ್ಲ! ಆಮೇಲೆ ಒಂದೊಂದು ಮಸಾಲೆಯನ್ನೂ ಬೇರೆ ಬೇರೆಯಾಗಿ ಸಣ್ಣ ಕೇಕಿಗೆ ಹಾಕಿ ಬೇಯಿಸುತ್ತಾ ಹೋದೆ. ಡಬ್ಬಿಯಲ್ಲಿ ಎಲ್ಲರಿಗಿಂತ ಜೋರಾಗಿ ಮೂಗಿಗೆ ಬಡಿಯುವ ಏಲಕ್ಕಿ ಓವನ್ನಿನಿಂದ ಹೊರಬರುವಾಗ ಅರ್ಧ ಸೊರಗಿರುತ್ತದೆ. ಲವಂಗ ಹಾಗಲ್ಲ. ಬಿಸಿಯಲ್ಲಿ ಸುಮ್ಮನಿದ್ದು ಎರಡು ದಿನ ಕಳೆದ ಮೇಲೆ ತಲೆಯೆತ್ತುತ್ತದೆ. ಜಾಯಿಕಾಯಿ ಬೆಣ್ಣೆಯ ಜೊತೆ ಸೇರಿ ಮೆಲ್ಲಗೆ ಹರಡುತ್ತದೆ. ಹಸಿ ಪುಡಿಯನ್ನು ಮೂಸಿ ‘ಸರಿಯಾಗಿದೆ’ ಎನ್ನುವುದನ್ನು ಅಂದಿನಿಂದ ಬಿಟ್ಟೆ. ಬೇಯಿಸಬೇಕು, ಎರಡು ದಿನ ಬಿಟ್ಟು ತಿನ್ನಬೇಕು.

ಈಗಿನ ನನ್ನ ಅಳತೆ, 100 ಗ್ರಾಂ ಪುಡಿಗೆ: ದಾಲ್ಚಿನ್ನಿ 45, ಒಣಶುಂಠಿ 20, ಜಾಯಿಕಾಯಿ 12, ಆಲ್‌ಸ್ಪೈಸ್ 10, ಜಾಪತ್ರೆ 5, ಏಲಕ್ಕಿ 5, ಲವಂಗ 3. ಒಂದು ಕಿಲೋ ಮೈದಾಕ್ಕೆ ಇದರಲ್ಲಿ 10ರಿಂದ 12 ಗ್ರಾಂ ಸಾಕು. ಆಲ್‌ಸ್ಪೈಸ್ ಎಂಬ ಹೆಸರು ಅನೇಕರನ್ನು ದಾರಿ ತಪ್ಪಿಸುತ್ತದೆ. ಅದು ಹಲವು ಮಸಾಲೆಗಳ ಮಿಶ್ರಣವಲ್ಲ, ಜಮೈಕಾದ ಕಡೆಯ ಒಂದು ಮರದ ಕಾಯಿ. ಒಣಗಿದಾಗ ದೊಡ್ಡ ಕಾಳುಮೆಣಸಿನ ಹಾಗೆ ಕಾಣುತ್ತದೆ. ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರರ ವಾಸನೆಯೂ ಅದರಲ್ಲಿದೆ. ನಮ್ಮ ಹುಡುಗನೊಬ್ಬ ಅದನ್ನು ತಾ ಎಂದರೆ ಗರಂ ಮಸಾಲೆ ತಂದಿದ್ದ. ಪಾಪ, ಅವನ ತಪ್ಪಲ್ಲ.

ದಾಲ್ಚಿನ್ನಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕಿರಾಣಿ ಅಂಗಡಿಯಲ್ಲಿ ಚಕ್ಕೆ ಎಂದು ಸಿಗುವುದು ಹೆಚ್ಚಾಗಿ ಕ್ಯಾಸಿಯಾ. ದಪ್ಪ ತೊಗಟೆ, ಒಂದೇ ಪದರ, ಮುರಿಯಲು ಎರಡೂ ಕೈ ಬೇಕು. ಸಿಲೋನಿನದ್ದು ಕಾಗದ ಸುತ್ತಿದಂತೆ ಪದರ ಪದರವಾಗಿದ್ದು ಬೆರಳಲ್ಲಿ ಅದುಮಿದರೆ ಪುಡಿಯಾಗುತ್ತದೆ. ಪ್ಲಮ್ ಕೇಕಿನ ಹಣ್ಣು, ಬೆಲ್ಲದ ನಡುವೆ ನಿಲ್ಲಲು ಕ್ಯಾಸಿಯಾದ ಖಾರವೇ ಬೇಕು. ಮಕ್ಕಳು ದಿನವೂ ತಿನ್ನುವ ಬೆಣ್ಣೆ ಬಿಸ್ಕತ್ತಿಗೆ ನಾನು ಸಿಲೋನಿನದ್ದನ್ನೇ ಹಾಕುತ್ತೇನೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪಿನಲ್ಲಿ ಬೇಕರಿ ತಿನಿಸುಗಳಲ್ಲಿ ಅದು ಎಷ್ಟಿರಬಹುದು ಎಂಬುದಕ್ಕೆ ಕಾನೂನಿನ ಮಿತಿಯೇ ಇದೆ. ಇನ್ನೊಂದು ಮಾತು: ದಾಲ್ಚಿನ್ನಿ ಯೀಸ್ಟನ್ನು ಕುಗ್ಗಿಸುತ್ತದೆ. ಸಿಹಿ ಬನ್ನಿನ ಹಿಟ್ಟಿಗೇ ಈ ಪುಡಿ ಕಲಸಿ, ಉಬ್ಬದೆ ಕೂತ ಮುದ್ದೆಯನ್ನು ನೋಡುತ್ತಾ ನಿಂತಿದ್ದೇನೆ. ಈಗ ಪುಡಿಯೆಲ್ಲ ಒಳಗಿನ ಹೂರಣಕ್ಕೆ.

ಜಾಯಿಕಾಯಿ, ಜಾಪತ್ರೆ ಎರಡೂ ಮನೆಯ ತೋಟದಿಂದ ಬರುತ್ತವೆ. ಅಪ್ಪ ಬಸ್ಸಿನಲ್ಲಿ ಕಳುಹಿಸುತ್ತಾರೆ. ಹಣ್ಣು ಬಿರಿದಾಗ ಬೀಜದ ಮೇಲೆ ಕೆಂಪು ಬಲೆಯಂತೆ ಹೆಣೆದುಕೊಂಡಿರುವುದೇ ಜಾಪತ್ರೆ. ಒಣಗಿದರೆ ಕೇಸರಿ ಹಳದಿಗೆ ತಿರುಗುತ್ತದೆ. ಬೀಜವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಚಿಪ್ಪಿನೊಳಗೆ ಕಾಯಿ ಗಲಗಲ ಎಂದರೆ ಒಣಗಿದೆ ಎಂದರ್ಥ. ಅದನ್ನು ಮಿಕ್ಸಿಗೆ ಹಾಕುವುದಿಲ್ಲ. ಎಣ್ಣೆ ಬಿಟ್ಟು ಅಂಟಿಕೊಳ್ಳುತ್ತದೆ, ತುರಿಯುವುದೇ ಸರಿ. ಉಳಿದವನ್ನು ಬ್ರೆಡ್ ತೆಗೆದ ಮೇಲೆ ಆರುತ್ತಿರುವ ಓವನ್ನಿನಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ತಣಿಸಿ, ಬಿಟ್ಟು ಬಿಟ್ಟು ರುಬ್ಬುತ್ತೇನೆ. ಜಾರ್ ಬಿಸಿಯಾದರೆ ಪರಿಮಳ ಅಲ್ಲೇ ಹಾರಿಹೋಗುತ್ತದೆ. ಒಮ್ಮೆ ಹೆಚ್ಚು ಮಾಡಬೇಕಾಗಿ ಮುಂಬೈಯದೇ ಲಾಲ್‌ಬಾಗ್‌ನಲ್ಲಿ ಮಸಾಲೆ ಕುಟ್ಟಿಸಿದ್ದೆ. ವರ್ಷದ ಮೆಣಸಿನಪುಡಿ ಮಾಡಿಸುವ ಮೇ ತಿಂಗಳು. ಆ ಪುಡಿಯ ಬಿಸ್ಕತ್ತು ತಿಂದವರಿಗೆಲ್ಲ ಗಂಟಲು ಚುರುಗುಟ್ಟಿತು.

ಡಬ್ಬಿ ಗಾಜಿನದ್ದೋ ಸ್ಟೀಲಿನದ್ದೋ ಆಗಿರಬೇಕು. ಲವಂಗದ ಎಣ್ಣೆಗೆ ನಮ್ಮ ಹಳೆಯ ಪ್ಲಾಸ್ಟಿಕ್ ಮುಚ್ಚಳ ಮಂಕಾಗಿ ಬಿರುಕು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಂಬೈಯ ಮಳೆಗಾಲದಲ್ಲಿ 50 ಗ್ರಾಂಗಿಂತ ಹೆಚ್ಚು ಮಾಡುವುದಿಲ್ಲ, ಗಂಟು ಕಟ್ಟುತ್ತದೆ.

ನವೆಂಬರ್ ಮೊದಲ ವಾರ ಹೊಸ ಪುಡಿ ಹಾಕಿ ಮೂರು ಪುಟ್ಟ ಕೇಕ್ ಬೇಯಿಸಿ, ಎರಡು ದಿನ ಇಟ್ಟು, ಒಂದನ್ನು ಒರ್ಲೆಮ್‌ನ ಆಂಟಿಗೆ ಕಳುಹಿಸುತ್ತೇನೆ. ಅವರ ಉತ್ತರ ಬಾರದೆ ದೊಡ್ಡ ಪ್ರಮಾಣದಲ್ಲಿ ಬೇಯಿಸುವುದಿಲ್ಲ. ಈ ಸಲ ರಾತ್ರಿ ಒಂಬತ್ತಕ್ಕೆ ಫೋನ್ ಬಂತು: “ಲವಂಗ ಸರಿಯಾಗಿದೆ ಮಗಳೇ, ಜಾಯಿಕಾಯಿ ಸ್ವಲ್ಪ ಸಾಲದು.” ಪುಸ್ತಕ ತೆಗೆದು ಜಾಯಿಕಾಯಿಯ 12ನ್ನು ಹೊಡೆದು 14 ಎಂದು ಬರೆದೆ, ದಾಲ್ಚಿನ್ನಿಯನ್ನು 43ಕ್ಕೆ ಇಳಿಸಿದೆ.