ಬೆನ್ನಿಂದ ನೀರು ತೆಗೆದ್ರೆ ಕಾಲು ಬಿದ್ದುಹೋಗಲ್ವಾ ಡಾಕ್ಟ್ರೇ?

ಹೋಗಲ್ಲ.

ಮೆದುಳಿನ ಟಿಬಿ ಇರಬಹುದು ಅಂತ ಅನುಮಾನ ಬಂದಾಗ ಬೆನ್ನಿಂದ ನೀರು, ಅಂದರೆ ಮೆದುಳು, ಬೆನ್ನುಹುರಿ ಸುತ್ತ ಇರುವ ನೀರು, ತೆಗೆದು ಪರೀಕ್ಷೆ ಮಾಡಬೇಕು ಅನ್ನುತ್ತೇನೆ. ಆಗ ಮನೆಯವರು ಕೇಳುವುದು ಇದನ್ನೇ. ವಾರ್ಡಿನಲ್ಲಿ, ಲಿಫ್ಟಿನಲ್ಲಿ, ಮಲ್ಲೇಶ್ವರದ ತರಕಾರಿ ಅಂಗಡಿ ಮುಂದೆ ಕೂಡ. ಬಾಯಿ ಸೋತಿದೆ, ಬರೆದುಬಿಡುತ್ತೇನೆ.

ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ನರಗಳು ನೀರಲ್ಲಿ ತೇಲುತ್ತಿರುತ್ತವೆ, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ಕೆಲವರಿಗೆ ಆಮೇಲೆ ತಲೆನೋವು ಬರುತ್ತದೆ, ನಿಜ. "ಅಷ್ಟೊಂದು ನೀರು ತೆಗೆದ್ರಾ?" ಅನ್ನುವವರಿಗೆ ಹೇಳುತ್ತೇನೆ, ತೆಗೆಯುವುದು 10 ಎಂಎಲ್ ಆಸುಪಾಸು. ದೇಹ ದಿನಕ್ಕೆ ಸುಮಾರು 500 ಎಂಎಲ್ ಹೊಸದು ಮಾಡಿಕೊಳ್ಳುತ್ತದೆ. ಈ ನೀರಿನಲ್ಲಿ ಟಿಬಿ ಕ್ರಿಮಿ ಇರುವುದೇ ತೀರಾ ಕಮ್ಮಿ. ಕಂಜೂಸಿ ಮಾಡಿ ತೆಗೆದರೆ ಸಿಗಲ್ಲ.

ಒಬ್ಬ ಹುಡುಗನ ಸೋದರಮಾವ ನೆನಪಾಗುತ್ತಾರೆ. ಹುಡುಗನಿಗೆ ವಾರಗಟ್ಟಲೆ ಜ್ವರ, ತಲೆನೋವು. ಆಮೇಲೆ ವಾಂತಿ, ಎಲ್ಲವೂ ಎರಡೆರಡು ಕಾಣುವುದು. ಕೆಮ್ಮು ಇರಲಿಲ್ಲ.

"ನಮ್ಮೂರಲ್ಲಿ ಒಬ್ಬನಿಗೆ ನೀರು ತೆಗೆದ್ರು ಡಾಕ್ಟ್ರೇ, ಆಮೇಲೆ ಎದ್ದು ಓಡಾಡಲೇ ಇಲ್ಲ."

"ಆಸ್ಪತ್ರೆಗೆ ನಡ್ಕೊಂಡು ಹೋಗಿದ್ನಾ ಯಜಮಾನ್ರೇ?"

"ಇಲ್ಲ, ಹೊತ್ಕೊಂಡು ಹೋಗಿದ್ರು."

ನಾನು ಸುಮ್ಮನೆ ಅವರ ಮುಖ ನೋಡಿದೆ. ಅವರು ಸೋಲಲಿಲ್ಲ. "ಎಂಆರ್‌ಐಗೆ ಅಷ್ಟು ದುಡ್ಡು ಕಟ್ಟಿದ್ದೀವಿ, ಅದರಲ್ಲೇ ಕಾಣಲ್ವಾ?"

ಕಾಣುತ್ತದೆ, ಅರ್ಧ. ಮೆದುಳಿನ ಬುಡದಲ್ಲಿ ಊತ, ಒಳಗೆ ನೀರು ತುಂಬಿಕೊಂಡಿರುವುದು, ಗಂಟು. ಬೇರೆ ಕಾಯಿಲೆಗಳೂ ಹೀಗೇ ಕಾಣಬಹುದು. ನೀರು ತೆಗೆದರೆ ಅಪಾಯವಾಗುವಷ್ಟು ಒತ್ತಡ ಇದೆಯಾ ಅಂತಲೂ ಸ್ಕ್ಯಾನ್ ಹೇಳುತ್ತದೆ. ಇದ್ದರೆ ನಾನೇ ಸೂಜಿ ಮುಟ್ಟಲ್ಲ. ಆದರೆ ಸಕ್ಕರೆ ಇಳಿದಿದೆಯಾ, ಪ್ರೋಟೀನ್ ಏರಿದೆಯಾ, ಕ್ರಿಮಿ ಇದೆಯಾ ಅನ್ನುವುದನ್ನು ನೀರೇ ಹೇಳಬೇಕು. ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಟೆಸ್ಟ್ ಮೆಷಿನ್‌ಗೆ ಹಾಕಿದರೆ ಸುಮಾರು ಎರಡು ಗಂಟೆ ಸಾಕು. ಅದು ನೆಗೆಟಿವ್ ಬಂದರೂ ಟಿಬಿ ಇಲ್ಲ ಅನ್ನಲಾಗಲ್ಲ. ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವುದಕ್ಕೆ, ಆರು ವಾರದವರೆಗೂ ಹಿಡಿಯಬಹುದು. ಅಲ್ಲಿವರೆಗೆ ಕಾಯುತ್ತಾ ಕೂತರೆ ರೋಗಿ ಉಳಿಯಲ್ಲ. ಹಾಗಾಗಿ ಬಲವಾದ ಅನುಮಾನ ಇದ್ದರೆ ಮಾತ್ರೆ ಶುರು.

ಅಲ್ಲ, ಸೂಜಿ ಬಗ್ಗೆ ಇಷ್ಟು ಕೇಳುವವರು ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಯಾಕೆ ಕೇಳಲ್ಲ? ಅದನ್ನು ಅವರೇ ತೀರ್ಮಾನಿಸಿಬಿಡುತ್ತಾರೆ! ಶ್ವಾಸಕೋಶದ ಮಾಮೂಲಿ ಟಿಬಿಗೆ ಆರು ತಿಂಗಳಾದರೆ, ಮೆದುಳಿನದಕ್ಕೆ 9ರಿಂದ 12 ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ. ಜೊತೆಗೆ ಸ್ಟೀರಾಯ್ಡ್, ಅದನ್ನು ಆರೆಂಟು ವಾರದಲ್ಲಿ ಮೆಲ್ಲಗೆ ಇಳಿಸುತ್ತೇವೆ. ಅಷ್ಟರಲ್ಲಿ ಹುಡುಗ ಎದ್ದು ಕೂರುತ್ತಾನೆ, ಇಡ್ಲಿ ತಿನ್ನುತ್ತಾನೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಯಾರೋ "ಉಷ್ಣ ಜಾಸ್ತಿ ಆಯ್ತು, ನಿಲ್ಸಿ" ಅನ್ನುತ್ತಾರೆ. ಅದು ಆ ನಾಲ್ಕು ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಬಣ್ಣ ಅಷ್ಟೇ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಅವತ್ತೇ ಬನ್ನಿ. ಕಿತ್ತಳೆಗೆಲ್ಲ ಫೋನ್ ಮಾಡಬೇಡಿ.

ಆ ಸೋದರಮಾವ ಕೊನೆಗೂ ಸಹಿ ಹಾಕಿದರು. ಪೆನ್ನು ವಾಪಸ್ ಕೊಡುವಾಗ ಕೇಳಿದರು: "ಸೂಜಿ ಸಣ್ಣದೇ ತಾನೇ?"